ಎಫ್‌ಐ ಹಾಕಿಸಿದ ಮೇಲೆ ಸ್ಟಾರ್ಟ್ ಆಗಲು ಸತಾಯಿಸುವ ಜಿಪ್ಸಿ: ಸೆಲ್ಫ್ ಹೊಡೆಯುವಾಗ ಏನೇನು ನೋಡಬೇಕು

ಕಾರ್ಬೊರೇಟರ್ ಇದ್ದ ಕಾಲದಲ್ಲಿ ನನ್ನ ಮಾರುತಿ ಜಿಪ್ಸಿಗೆ ಬೆಳಿಗ್ಗೆ ಚೋಕ್ ಎಳೆದು, ಎಕ್ಸಲರೇಟರ್ ಎರಡು ಸಲ ಒತ್ತಿ ಸೆಲ್ಫ್ ಹೊಡೆದರೆ ಸಾಕಿತ್ತು. ಕೆಮ್ಮುತ್ತಾ, ಹೊಗೆ ಬಿಡುತ್ತಾ, ಹೇಗೋ ಏಳುತ್ತಿತ್ತು. ಘಾಟಿ ಹತ್ತುವಾಗ ಉಸಿರು ಕಟ್ಟದಿರಲಿ, ಸ್ವಲ್ಪ ಮೈಲೇಜೂ ಬರಲಿ ಎಂದು ಫ್ಯುಯಲ್ ಇಂಜೆಕ್ಷನ್ (ಎಫ್‌ಐ) ಹಾಕಿಸಿದೆ. ಓಡುವಾಗ ಬೆಣ್ಣೆ. ಆದರೆ ಸಕಲೇಶಪುರದ ಡಿಸೆಂಬರ್ ಚಳಿಯಲ್ಲಿ, ಬೆಳಿಗ್ಗೆ ಆರು ಗಂಟೆಗೆ, ಜಪ್ಪಯ್ಯ ಎಂದರೂ ಏಳಲಿಲ್ಲ. ಹೀಗೇ ಮೂರು ವಾರ.

ಆ ಮೂರು ವಾರ ನಾನು ಮಾಡಿದ್ದು ಒಂದೇ ಕೆಲಸ. ಇಂಜೆಕ್ಷನ್ನಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ಪೆಟ್ರೋಲ್ ಹೆಚ್ಚಿಸುವುದು, ಕಡಿಮೆ ಮಾಡುವುದು, ಮತ್ತೆ ಹೆಚ್ಚಿಸುವುದು. ಕಾಯಿಲೆ ಅಲ್ಲಿರಲೇ ಇಲ್ಲ. ಒಂದು ವೈರಿನಲ್ಲಿತ್ತು. ಕೀ ಆನ್ ಮಾಡಿ ಚೆಕ್ ಮಾಡಿದರೆ ಎಲ್ಲವೂ ಸರಿ ಇರುತ್ತಿತ್ತು, ಸೆಲ್ಫ್ ತಿರುಗುವ ಆ ಎರಡು ಮೂರು ಸೆಕೆಂಡ್ ಮಾತ್ರ ತಪ್ಪುತ್ತಿತ್ತು. ಅದಕ್ಕೇ ಇಲ್ಲಿ ನಾನು ಹೇಳುವ ಹೆಚ್ಚಿನ ಚೆಕ್‌ಗಳನ್ನು ಸೆಲ್ಫ್ ಹೊಡೆಯುತ್ತಿರುವಾಗಲೇ ಮಾಡಬೇಕು. ಜೊತೆಗೆ ಒಬ್ಬರು ಬೇಕೇ ಬೇಕು.

ಯಾವ ಗಾಡಿಯ ಮಾತು ಎಂದು ಮೊದಲೇ ಹೇಳಿಬಿಡುತ್ತೇನೆ. 1996ರಲ್ಲಿ ಬಂದ 1.3 ಲೀಟರ್ ಜಿಪ್ಸಿ ಕಿಂಗ್‌ಗೆ ಕಾರ್ಬೊರೇಟರ್ ಇತ್ತು, 2000ದಲ್ಲಿ ಕಂಪನಿಯೇ 16 ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್) ಎಂಜಿನ್ ಕೊಟ್ಟಿತು. ಹಳೆಯ ಗಾಡಿ ಇರುವವರಲ್ಲಿ ಕೆಲವರು ಎಂಜಿನ್ನನ್ನೇ ಬದಲಿಸುತ್ತಾರೆ. ನನ್ನಂಥವರು ಎಂಜಿನ್ ಉಳಿಸಿಕೊಂಡು, ಕಾರ್ಬೊರೇಟರ್ ಕೂತಿದ್ದ ಜಾಗಕ್ಕೆ ಇಂಜೆಕ್ಟರ್ ಇರುವ ಥ್ರಾಟಲ್ ಬಾಡಿ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು), ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್, ಡ್ಯಾಶ್‌ಬೋರ್ಡ್ ಕೆಳಗೆ ಹೊರಗಿನ ಇಸಿಯು (ಪೆಟ್ರೋಲ್ ಲೆಕ್ಕ ಹಾಕುವ ಕಂಪ್ಯೂಟರ್) ಹಾಕಿಸುತ್ತಾರೆ. ಇದು ಎರಡನೆಯ ಗುಂಪಿಗೆ. ಹಳೇ ಜೀಪಿಗೋ ಬೇರೆ ಕಾರ್ಬೊರೇಟರ್ ಗಾಡಿಗೋ ಹಾಕಿಸಿದ್ದರೂ ಲೆಕ್ಕ ಇದೇ.

ಶುರು ಮಾಡುವ ಮುಂಚೆ ಒಂದು ಮಾತು. ಕಾರ್ಬೊರೇಟರ್ ಲೈನಿನಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಇಂಜೆಕ್ಷನ್ ಲೈನಿನಲ್ಲಿ ಚಿಮ್ಮುತ್ತದೆ. ಸುಮಾರು 3 ಬಾರ್ ಪ್ರೆಷರ್ ಇರುವ ಪೈಪನ್ನು ಸುಮ್ನೆ ಕಳಚಿದರೆ ಮುಖಕ್ಕೂ ಬಿಸಿ ಎಂಜಿನ್ ಮೇಲಕ್ಕೂ ಹೋಗುತ್ತದೆ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ (ಸ್ಟಾರ್ಟೇ ಆಗದಿದ್ದರೆ ನಾಲ್ಕೈದು ಸಲ ಸೆಲ್ಫ್ ಹೊಡೆಯಿರಿ), ಆಮೇಲೆ ಬಟ್ಟೆ ಸುತ್ತಿ ಕಳಚಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಇರಲಿ. ಬೀಡಿ ಸೇದುವ ಗೆಳೆಯರನ್ನು ಆ ಕಡೆ ಕಳಿಸಿ.

ಮೊದಲು ಗಾಡಿ ಏನು ಹೇಳುತ್ತಿದೆ ಕೇಳಿ

"ಸ್ಟಾರ್ಟ್ ಆಗಲ್ಲ" ಅನ್ನುವುದರಲ್ಲೇ ಐದಾರು ಬಗೆ ಇದೆ. ಸೆಲ್ಫ್ ನಿಧಾನಕ್ಕೆ ತಿರುಗುತ್ತಿದ್ದರೆ ಅದು ಬ್ಯಾಟರಿ, ಅರ್ಥ್ (ಬ್ಯಾಟರಿ ಮೈನಸ್‌ನಿಂದ ಎಂಜಿನ್, ಬಾಡಿಗೆ ಹೋಗುವ ಸಂಪರ್ಕ) ಅಥವಾ ಸೆಲ್ಫ್ ಮೋಟರಿನ ಕಥೆ, ಇಂಜೆಕ್ಷನ್ನನ್ನು ಬೈಯಬೇಡಿ. ಚೆನ್ನಾಗಿ ತಿರುಗಿಯೂ ಒಂದು ಸಲವೂ ಹಿಡಿಯದಿದ್ದರೆ ಕರೆಂಟ್ ಇಲ್ಲ ಅಥವಾ ಪೆಟ್ರೋಲ್ ಇಲ್ಲ. ಹಿಡಿದು ಮೂರು ನಾಲ್ಕು ಸೆಕೆಂಡಿಗೆ ಸತ್ತರೆ ಟೆಂಪರೇಚರ್ ಸೆನ್ಸರ್ ಅಥವಾ ಗಾಳಿ. ಎಕ್ಸಲರೇಟರ್ ಸ್ವಲ್ಪ ಒತ್ತಿದರೆ ಮಾತ್ರ ಏಳುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಪೂರ್ತಿ ಒತ್ತಿ ಹಿಡಿದರೆ ಮಾತ್ರ ಏಳುತ್ತಿದ್ದರೆ ಪೆಟ್ರೋಲ್ ಜಾಸ್ತಿಯಾಗಿದೆ.

ಇನ್ನೊಂದು ಬಗೆ ಇದೆ, ನನ್ನದೇ ಅದು. ಸೆಲ್ಫ್ ತಿರುಗುವಾಗ ಏನೂ ಇಲ್ಲ, ಬೇಸರವಾಗಿ ಕೀ ಬಿಟ್ಟ ಗಳಿಗೆಯಲ್ಲಿ ಒಂದು ಸಲ "ಡುಗ್" ಎಂದು ಹಿಡಿದಂತಾಗುತ್ತದೆ. ಅದೃಷ್ಟ ಇದ್ದರೆ ಎದ್ದೇ ಬಿಡುತ್ತದೆ. ಈ ಲಕ್ಷಣ ಕಂಡರೆ ಬೇರೇನೂ ಮುಟ್ಟದೆ ನೇರ ಮುಂದಿನ ಭಾಗ ಓದಿ.

ಸೆಲ್ಫ್ ಹೊಡೆಯುವಾಗ ಇಸಿಯುಗೆ ಕರೆಂಟ್ ಬರುತ್ತಿದೆಯಾ?

ಹಳೆಯ ಗಾಡಿಯ ಕೀ ಸ್ವಿಚ್ಚಿನಲ್ಲಿ ಒಂದು ಗುಟ್ಟಿದೆ. ಕೀ ಆನ್ ಮಾಡಿದಾಗ ಬರುವ ಕರೆಂಟೆಲ್ಲ ಸೆಲ್ಫ್ ಹೊಡೆಯುವಾಗಲೂ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಮ್ಯೂಸಿಕ್ ಸಿಸ್ಟಮ್, ವೈಪರ್, ಬ್ಲೋವರ್ ಇಂಥವುಗಳ ವೈರಿಗೆ ಸೆಲ್ಫ್ ಹೊಡೆಯುವಾಗ ಕರೆಂಟ್ ಕಟ್ ಆಗುತ್ತದೆ, ಬ್ಯಾಟರಿಯ ಶಕ್ತಿಯೆಲ್ಲ ಸೆಲ್ಫ್ ಮೋಟರಿಗೆ ಸಿಗಲಿ ಎಂದು. ಸೆಲ್ಫ್ ಹೊಡೆದಾಗ ರೇಡಿಯೊ ಆಫ್ ಆಗಿ ಮತ್ತೆ ಬರುತ್ತದಲ್ಲ, ಅದೇ. ಕಿಟ್ ಕೂರಿಸುವ ಹುಡುಗರು ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ, ಕೀ ಆನ್ ಮಾಡಿ, ಬಲ್ಬ್ ಹತ್ತಿದ ಮೊದಲನೇ ವೈರಿಗೆ ಇಸಿಯು ಜೋಡಿಸಿಬಿಡುತ್ತಾರೆ. ಅದು ಇಂಥ ವೈರಾಗಿದ್ದರೆ ಎಂಜಿನ್ನಿಗೆ ಇಸಿಯು ಬೇಕಾದ ಹೊತ್ತಿನಲ್ಲೇ ಇಸಿಯು ಸತ್ತಿರುತ್ತದೆ. ಕೀ ಬಿಟ್ಟಾಗ ಅದಕ್ಕೆ ಜೀವ ಬರುತ್ತದೆ, ಎಂಜಿನ್ ಇನ್ನೂ ಒಂದೆರಡು ಸುತ್ತು ತಿರುಗುತ್ತಿರುತ್ತದೆ, ಅದಕ್ಕೇ ಆ "ಡುಗ್".

ನಾನು ಇದನ್ನು ಹಿಡಿದದ್ದು ಮೀಟರಿನಿಂದಲೂ ಅಲ್ಲ. ಒಂದು ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಒಂದನ್ನು ಇಸಿಯುಗೆ ಹೋಗುವ ಪ್ಲಸ್ ವೈರಿಗೆ, ಇನ್ನೊಂದನ್ನು ಬಾಡಿಗೆ ಕೊಟ್ಟು, ಬಲ್ಬನ್ನು ಗ್ಲೋವ್ ಬಾಕ್ಸಿನ ಮುಚ್ಚಳಕ್ಕೆ ಟೇಪ್ ಹಾಕಿ ಅಂಟಿಸಿದೆ. ಗೆಳೆಯ ಪಕ್ಕದ ಸೀಟಿನಲ್ಲಿ ಬಗ್ಗಿ ಕೂತ. ನಾನು ಕೀ ಆನ್ ಮಾಡಿದೆ, ಬಲ್ಬ್ ಹತ್ತಿತು.

"ಹೊಡಿ ಮಾರಾಯ" ಎಂದ. ಹೊಡೆದೆ.

"ಆರಿತು!"

ಕೀ ಬಿಟ್ಟೆ.

"ಹತ್ತಿತು!"

ಇನ್ನೆರಡು ಸಲ ಮಾಡಿದೆವು. ಆರಿತು, ಹತ್ತಿತು. ಆರಿತು, ಹತ್ತಿತು. ಮೂರು ವಾರ ಲ್ಯಾಪ್‌ಟಾಪ್ ಮುಂದೆ ಕೂತು ಸಿಗದ ಉತ್ತರ ಒಂದು ಸಣ್ಣ ಬಲ್ಬ್ ಕೊಟ್ಟಿತು. ಗ್ಯಾರೇಜಿನವರಿಗೆ ಫೋನ್ ಮಾಡಿದರೆ "ಕೀ ಆನ್‌ನಲ್ಲಿ 12 ವೋಲ್ಟ್ ಬರ್ತಾ ಇತ್ತಲ್ಲ ಸರ್" ಅಂದರು. ಬರುತ್ತಿತ್ತು, ಸುಳ್ಳಲ್ಲ.

ಸರಿ ಮಾಡುವುದು ಹೀಗೆ. ಇಸಿಯುಗೂ ಪಂಪಿಗೂ ಮೇನ್ ಕರೆಂಟನ್ನು ಬ್ಯಾಟರಿಯಿಂದಲೇ, ಫ್ಯೂಸ್ ಮತ್ತು ರಿಲೇ ಮೂಲಕ ಎಳೆಯಿರಿ. ರಿಲೇಯನ್ನು ಎಬ್ಬಿಸುವ ಸಣ್ಣ ವೈರನ್ನು ಮಾತ್ರ ಕೀಯಿಂದ ತೆಗೆದುಕೊಳ್ಳಿ, ಅದೂ ಆನ್‌ನಲ್ಲಿಯೂ ಸೆಲ್ಫ್‌ನಲ್ಲಿಯೂ ಕರೆಂಟ್ ಇರುವ ವೈರಿನಿಂದ. ಇಗ್ನಿಷನ್ ಕಾಯಿಲ್‌ಗೆ ಹೋಗುವ ವೈರ್ ಸಾಮಾನ್ಯವಾಗಿ ಅಂಥದ್ದು. ಆದರೂ ನನ್ನ ಮಾತು ನಂಬಬೇಡಿ, ಬಲ್ಬ್ ಇಟ್ಟು ನೋಡಿ.

ಬಲ್ಬ್ ಆರದೆ ಮಂಕಾದರೆ ಕಥೆ ಬೇರೆ. ಆಗ ಮೀಟರ್ ಬೇಕು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ತಿರುಗುವಾಗ 10ರ ಆಸುಪಾಸಿಗೆ ಇಳಿಯುವುದು ಸಹಜ, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನೇ ಟೆಸ್ಟ್ ಮಾಡಿಸಿ. ಕಾರ್ಬೊರೇಟರ್ ಗಾಡಿ ಸಾಯುತ್ತಿರುವ ಬ್ಯಾಟರಿಯಲ್ಲೂ ಏಳುತ್ತಿತ್ತು. ಇಸಿಯುಗೆ ಅಷ್ಟು ತಾಳ್ಮೆ ಇಲ್ಲ, ವೋಲ್ಟೇಜ್ ತುಂಬ ಬಿದ್ದರೆ ರೀಸೆಟ್ ಆಗುತ್ತದೆ. ಪಂಪ್ ಕೂಡ ಸೋಮಾರಿಯಾಗುತ್ತದೆ, ಇಂಜೆಕ್ಟರ್ ತೆರೆದುಕೊಳ್ಳಲು ತಡ ಮಾಡುತ್ತದೆ.

ಬ್ಯಾಟರಿ ತುದಿಯಲ್ಲಿ 10.4 ಇದ್ದು ಇಸಿಯು ಪ್ಲಗ್ಗಿನಲ್ಲಿ 9 ಇದ್ದರೆ ನಡುವಿನ ವೈರ್, ಫ್ಯೂಸ್ ಹೋಲ್ಡರ್ ಅಥವಾ ಅರ್ಥ್ ತಿನ್ನುತ್ತಿದೆ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಿಡಬೇಡಿ. ಅರ್ಥ್ ನೋಡಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಸಿ. ಅಲ್ಲಿ ಅರ್ಧ ವೋಲ್ಟ್ ದಾಟಿದರೆ ಅರ್ಥ್ ಪಟ್ಟಿ ಕೊಳೆತಿದೆ. ಮಲೆನಾಡಿನ ಮಳೆ, ಕೆಸರು ತಿಂದ ಗಾಡಿಯಲ್ಲಿ ಅದು ಕೊಳೆಯದಿದ್ದರೇ ಆಶ್ಚರ್ಯ. ಹೊಸ ಪಟ್ಟಿ ಹಾಕಿ, ಪೇಂಟ್ ಕೆರೆದು ಬೋಲ್ಟ್ ಬಿಗಿಯಿರಿ. ಇಸಿಯು ಅರ್ಥನ್ನು ಡ್ಯಾಶ್‌ಬೋರ್ಡಿನ ಯಾವುದೋ ಸ್ಕ್ರೂಗೆ ಕೊಡಬೇಡಿ.

ಪೆಟ್ರೋಲ್ ಪ್ರೆಷರ್

ಕೀ ಆನ್ ಮಾಡಿದಾಗ ಪಂಪ್ ಎರಡು ಮೂರು ಸೆಕೆಂಡ್ "ಝೀಂ" ಎಂದು ನಿಲ್ಲಬೇಕು. ಆ ಸದ್ದು ಇದೆ ಎಂದರೆ ಪಂಪ್ ತಿರುಗುತ್ತಿದೆ ಎಂದಷ್ಟೇ ಅರ್ಥ. ಪ್ರೆಷರ್ ಇದೆ ಎಂದಲ್ಲ. ಲೈನಿಗೆ ಒಂದು ಟೀ ಹಾಕಿ ಗೇಜ್ ಕೂರಿಸಿ, ಅದಕ್ಕೆ ಮಾಡಿದ ಖರ್ಚು ಎಂದೂ ದಂಡವಲ್ಲ. ಸಾಮಾನ್ಯ ಇಂಜೆಕ್ಷನ್‌ಗೆ 3 ಬಾರ್, ಅಂದರೆ 43 ಪಿಎಸ್‌ಐ ಆಸುಪಾಸು. ಕೆಲವು ಥ್ರಾಟಲ್ ಬಾಡಿ ಕಿಟ್‌ಗಳು 58 ಪಿಎಸ್‌ಐ ಕೇಳುತ್ತವೆ, ನಿಮ್ಮ ಕಿಟ್‌ನ ಪುಸ್ತಕದಲ್ಲಿ ಇರುವುದೇ ಲೆಕ್ಕ. ಹಳೆಯ ಮೆಕ್ಯಾನಿಕಲ್ ಪಂಪನ್ನೇ ಉಳಿಸಿಕೊಂಡು ಇಂಜೆಕ್ಷನ್ ಓಡಿಸುತ್ತೇನೆ ಎಂದರೆ ಆಗದ ಮಾತು, ಅದು ಕೊಡುವುದು ನಾಲ್ಕೈದು ಪಿಎಸ್‌ಐ.

ಇಲ್ಲೂ ಅದೇ ನಿಯಮ, ಕೀ ಆನ್‌ನಲ್ಲಿ 3 ಬಾರ್ ಬಂದರೆ ಖುಷಿಪಡಬೇಡಿ, ಸೆಲ್ಫ್ ಹೊಡೆಯುವಾಗ ಮುಳ್ಳು ಎಲ್ಲಿರುತ್ತದೆ ನೋಡಿ. ಆಗ ಇಳಿದರೆ ಪಂಪಿನ ವೈರ್ ತೆಳುವಾಗಿದೆ ಅಥವಾ ಫಿಲ್ಟರ್ ಕಟ್ಟಿದೆ. ಇಪ್ಪತ್ತೈದು ವರ್ಷ ಹಳೆಯ ಟ್ಯಾಂಕಿನ ತುಕ್ಕು ಹೊಸ ಪಂಪಿಗೆ ಶತ್ರು. ಪಂಪಿಗೆ ಮುಂಚೆ ಒಂದು ದಪ್ಪ ಜಾಲರಿ ಫಿಲ್ಟರ್, ನಂತರ ಒಂದು ನಯವಾದ ಇಂಜೆಕ್ಷನ್ ಫಿಲ್ಟರ್, ಎರಡೂ ಇರಲಿ.

ಪಂಪ್ ಎಲ್ಲಿ ಕೂತಿದೆ ಎಂಬುದೂ ಮುಖ್ಯ. ಈ ಪಂಪ್‌ಗಳಿಗೆ ತಳ್ಳುವುದು ಗೊತ್ತು, ಎಳೆಯುವುದು ಅಷ್ಟಾಗಿ ಗೊತ್ತಿಲ್ಲ. ಟ್ಯಾಂಕಿನ ತಳಕ್ಕಿಂತ ಕೆಳಗೆ, ಟ್ಯಾಂಕಿನ ಹತ್ತಿರವೇ ಇರಬೇಕು. ಕಲ್ಲು ಬಡಿಯದಿರಲಿ ಎಂದು ಬಾನೆಟ್ ಒಳಗೆ ಕೂರಿಸಿದ್ದನ್ನೂ ನೋಡಿದ್ದೇನೆ. ಟ್ಯಾಂಕ್ ತುಂಬಿದ್ದಾಗ ಸ್ಟಾರ್ಟ್ ಆಗುತ್ತದೆ, ಅರ್ಧಕ್ಕೆ ಬಂದಾಗ ಇಲ್ಲ. ಓನರಿಗೆ ಅದು ದೆವ್ವದ ಕಾಟದಂತೆ ಕಾಣುತ್ತದೆ.

ಕೀ ಆಫ್ ಮಾಡಿದ ಮೇಲೆ ಹತ್ತು ನಿಮಿಷ ಗೇಜ್ ನೋಡಿ. ಸ್ವಲ್ಪ ಇಳಿದರೆ ಪರವಾಗಿಲ್ಲ. ಒಂದೇ ನಿಮಿಷದಲ್ಲಿ ಸೊನ್ನೆಗೆ ಬಿದ್ದರೆ ಪಂಪಿನ ಒಳಗಿನ ಚೆಕ್ ವಾಲ್ವ್ ಹಿಡಿಯುತ್ತಿಲ್ಲ, ಇಲ್ಲವೇ ಪ್ರೆಷರ್ ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರುತ್ತಿದೆ. ಬೆಳಿಗ್ಗೆ ಕೀ ಮೂರು ಸಲ ಆನ್ ಆಫ್ ಮಾಡಿ, ಪ್ರತಿ ಸಲ ಪಂಪ್ ನಿಲ್ಲುವ ತನಕ ಕಾದು, ಆಮೇಲೆ ಸೆಲ್ಫ್ ಹೊಡೆದರೆ ಚೆನ್ನಾಗಿ ಏಳುತ್ತದೆ ಅಂದರೆ ಕಾಯಿಲೆ ಇದೇ. ಇದನ್ನೇ ಅಭ್ಯಾಸ ಮಾಡಿಕೊಂಡು ಕಾಲ ತಳ್ಳುವವರಿದ್ದಾರೆ. ಚೆಕ್ ವಾಲ್ವ್ ಮಾತ್ರ ಹೋಗಿದ್ದರೆ ತಳ್ಳಬಹುದು. ಇಂಜೆಕ್ಟರ್ ಸೋರುತ್ತಿದ್ದರೆ ತಳ್ಳಬೇಡಿ, ಆ ಪೆಟ್ರೋಲ್ ಸಿಲಿಂಡರಿಗೆ ಇಳಿದು ಆಯಿಲ್ ತೊಳೆಯುತ್ತದೆ.

ಪೈಪಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಬೊರೇಟರಿನ ಹಳೆಯ ರಬ್ಬರ್ ಪೈಪ್ ಇಂಜೆಕ್ಷನ್‌ಗೆ ಆಗದು. ಪೈಪಿನ ಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ ತನ್ನಿ. ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್, ಹಳೆಯ ರಬ್ಬರನ್ನು ಅದು ಇನ್ನೂ ಬೇಗ ಹಾಳು ಮಾಡುತ್ತದೆ.

ಥ್ರಾಟಲ್ ಬಾಡಿ ಕಿಟ್‌ನಲ್ಲಿ ಒಂದು ಸುಖ ಇದೆ. ಏರ್ ಫಿಲ್ಟರ್ ತೆಗೆದರೆ ಇಂಜೆಕ್ಟರ್ ಕಣ್ಣಿಗೇ ಕಾಣುತ್ತದೆ. ಫೋನಿನ ಟಾರ್ಚ್ ಹಾಕಿ, ವಿಡಿಯೊ ಆನ್ ಮಾಡಿ, ಫೋನನ್ನು ಮೇಲಿನಿಂದ ಹಿಡಿದು ಸೆಲ್ಫ್ ಹೊಡೆಸಿ. ಮುಖ ಮಾತ್ರ ದೂರ ಇರಲಿ, ಬ್ಯಾಕ್‌ಫೈರ್ ಆದರೆ ಹುಬ್ಬು ಉಳಿಯುವುದಿಲ್ಲ. ವಿಡಿಯೊದಲ್ಲಿ ಮಂಜಿನ ಹಾಗೆ, ಆಲಿಕೆಯ ಆಕಾರದಲ್ಲಿ ಪೆಟ್ರೋಲ್ ಬೀಳುತ್ತಿದ್ದರೆ ಸರಿ. ಹನಿ ಹನಿ ಬೀಳುತ್ತಿದ್ದರೆ ಪ್ರೆಷರ್ ಇಲ್ಲ ಅಥವಾ ಇಂಜೆಕ್ಟರ್ ಕಟ್ಟಿದೆ. ಏನೂ ಬೀಳದಿದ್ದರೆ ಇಸಿಯು ಆರ್ಡರ್ ಕೊಡುತ್ತಿಲ್ಲ, ಮುಂದೆ ಓದಿ.

ಎಂಜಿನ್ ತಿರುಗುತ್ತಿದೆ ಎಂದು ಇಸಿಯುಗೆ ಗೊತ್ತಾಗುತ್ತಿದೆಯಾ?

ಈಗ ಲ್ಯಾಪ್‌ಟಾಪ್ ತೆರೆಯಬಹುದು, ನೋಡುವುದಕ್ಕೆ ಮಾತ್ರ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಎಷ್ಟು ತೋರಿಸುತ್ತದೆ? 150ರಿಂದ 250ರ ನಡುವೆ ಗಟ್ಟಿಯಾಗಿ ನಿಂತಿದ್ದರೆ ಸರಿ. ಸೊನ್ನೆಯಲ್ಲೇ ಇದ್ದರೆ ಇಸಿಯು ಪಾಲಿಗೆ ಎಂಜಿನ್ ತಿರುಗುತ್ತಲೇ ಇಲ್ಲ, ಹಾಗಾಗಿ ಇಂಜೆಕ್ಟರ್ ತೆರೆಯುವುದಿಲ್ಲ, ಪಂಪನ್ನೂ ನಿಲ್ಲಿಸಿಬಿಡುತ್ತದೆ. ಎಂಜಿನ್ ತಿರುಗುವುದನ್ನು ಇಸಿಯುಗೆ ಹೇಳುವ ಡಿಸ್ಟ್ರಿಬ್ಯೂಟರ್ ಪಿಕಪ್ ಅಥವಾ ಕ್ರ್ಯಾಂಕ್ ಸೆನ್ಸರಿನ ವೈರ್ ನೋಡಿ. ಮ್ಯಾಗ್ನೆಟ್ ತರಹದ ಎರಡು ವೈರಿನ ಸೆನ್ಸರ್ ಆದರೆ ಗ್ಯಾಪ್ ಒಂದು ಮಿಲಿಮೀಟರ್ ದಾಟಬಾರದು, ಏಕೆಂದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ ಅದರ ಸಿಗ್ನಲ್ ಮೊದಲೇ ಬಡಕಲು. ಎರಡು ವೈರ್ ಅದಲುಬದಲಾದರೂ ಕೆಲಸ ಕೆಡುತ್ತದೆ.

200, 1800, 0, 3500 ಎಂದು ನಂಬರ್ ಕುಣಿಯುತ್ತಿದ್ದರೆ ಅದು ಕರೆಂಟಿನ ಗಲಾಟೆ. ಪ್ಲಗ್ ವೈರುಗಳು ಸೆನ್ಸರ್ ವೈರಿನ ಜೊತೆ ಒಂದೇ ಟೇಪಿನಲ್ಲಿ ಸುತ್ತಿದ್ದಾರಾ ನೋಡಿ, ಬೇರೆ ಮಾಡಿ. ಪ್ಲಗ್ ರೆಸಿಸ್ಟರ್ ಇರುವುದೇ ಆಗಬೇಕು. ಎನ್‌ಜಿಕೆಯಲ್ಲಿ ಬಿಪಿ6ಇಎಸ್ ಮತ್ತು ಬಿಪಿಆರ್6ಇಎಸ್ ನೋಡಲು ಒಂದೇ, ನಡುವಿನ ಆ "ಆರ್" ಅಕ್ಷರವೇ ರೆಸಿಸ್ಟರ್. ಕಾರ್ಬೊರೇಟರಿಗೆ ಎರಡೂ ನಡೆಯುತ್ತಿತ್ತು. ಇಸಿಯುಗೆ ಆರ್ ಇಲ್ಲದ್ದು ಕಿವಿಯ ಪಕ್ಕ ತಮಟೆ ಬಾರಿಸಿದ ಹಾಗೆ.

ಕಿಟ್ ಜೊತೆಗೆ ಟೈಮಿಂಗನ್ನೂ (ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು) ಇಸಿಯುಗೆ ಒಪ್ಪಿಸಿದ್ದರೆ ಒಂದು ಸಲ ಟೈಮಿಂಗ್ ಲೈಟ್ ಹಿಡಿಯಲೇಬೇಕು. ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಪುಲ್ಲಿಯ ಗುರುತು ನಿಜವಾಗಿಯೂ 10ರಲ್ಲಿದೆಯೇ ನೋಡಿ. ಪರದೆಯಲ್ಲಿ 10, ಪುಲ್ಲಿಯಲ್ಲಿ 25 ಇದ್ದರೆ ಸೆಲ್ಫ್ ತಿರುಗುವಾಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಬ್ಯಾಟರಿ ಇಳಿದಿದೆ ಎಂದು ನೀವು ಹೊಸ ಬ್ಯಾಟರಿ ತರುತ್ತೀರಿ.

ಸುಳ್ಳು ಹೇಳುವ ಸೆನ್ಸರ್‌ಗಳು

ವೈರ್ ಸರಿ ಮಾಡಿದ ಮರುದಿನ ನನ್ನ ಗಾಡಿ ಮೊದಲ ಸಲಕ್ಕೇ ಹಿಡಿಯಿತು. ಮೂರು ಸೆಕೆಂಡ್ ಓಡಿ ಸತ್ತಿತು. ಮತ್ತೆ ಹಿಡಿಯಿತು, ಮತ್ತೆ ಸತ್ತಿತು. ಕೀ ಆನ್ ಮಾಡಿ ಲ್ಯಾಪ್‌ಟಾಪ್ ನೋಡಿದೆ. ಹೊರಗೆ 13 ಡಿಗ್ರಿ ಚಳಿ. ಒಳಗೆ ಬರುವ ಗಾಳಿಯ ಸೆನ್ಸರ್ 13 ಎನ್ನುತ್ತಿದೆ. ಕೂಲಂಟ್ ಸೆನ್ಸರ್ 22 ಎನ್ನುತ್ತಿದೆ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಎರಡೂ ಒಂದೇ ಇರಬೇಕು, ಹೆಚ್ಚೆಂದರೆ ಎರಡು ಡಿಗ್ರಿ ಆಚೀಚೆ. ಎಂಜಿನ್ ಬೆಚ್ಚಗಿದೆ ಎಂದು ತಿಳಿದು ಇಸಿಯು ಪೆಟ್ರೋಲ್ ಕಡಿಮೆ ಕೊಡುತ್ತಿತ್ತು.

ಕಾರಣ ಸರಳ. ಈ ಸೆನ್ಸರ್‌ಗಳು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಸುತ್ತವೆ, ಆದರೆ ಎಲ್ಲ ಕಂಪನಿಯದ್ದೂ ಒಂದೇ ಲೆಕ್ಕ ಅಲ್ಲ. ಬಾಷ್ ಮಾದರಿಯದ್ದು 20 ಡಿಗ್ರಿಯಲ್ಲಿ ಸುಮಾರು 2500 ಓಮ್, ಜಿಎಂ ಮಾದರಿಯದ್ದು ಸುಮಾರು 3500 ಓಮ್. ಇಸಿಯುನಲ್ಲಿ ಜಿಎಂ ಎಂದು ಸೆಟ್ ಮಾಡಿ ಗಾಡಿಗೆ ಬಾಷ್ ಹಾಕಿದ್ದರು. ಬಿಸಿಯಾದ ಮೇಲೆ ಎರಡೂ ಹತ್ತಿರ ಹತ್ತಿರ, 80 ಡಿಗ್ರಿಯಲ್ಲಿ 320-330 ಓಮ್, ಅದಕ್ಕೇ ಓಡುವಾಗ ಏನೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಸೆನ್ಸರ್ ಯಾವುದು ಎಂದು ತಿಳಿಯಲು ಅದರ ವೈರಿನ ಪ್ಲಗ್ ಕಳಚಿ, ತಣ್ಣಗಿನ ಎಂಜಿನ್ನಿನಲ್ಲಿ ಓಮ್ ಅಳೆಯಿರಿ, ಗೋಡೆಗೆ ನೇತುಹಾಕಿದ ಥರ್ಮಾಮೀಟರಿನ ಜೊತೆ ಹೋಲಿಸಿ. ಡ್ಯಾಶ್‌ಬೋರ್ಡ್ ಮುಳ್ಳಿನ ಹಳೆಯ ಸೆನ್ಸರಿನಿಂದಲೇ ವೈರ್ ಕವಲು ತೆಗೆದಿದ್ದರೆ ಅದನ್ನು ಬಿಟ್ಟುಬಿಡಿ, ಇಸಿಯುಗೆ ಬೇರೆಯದೇ ಹಾಕಿ.

ಮ್ಯಾಪ್ ಸೆನ್ಸರನ್ನು, ಅಂದರೆ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒಳಗಿನ ಒತ್ತಡ ಅಳೆಯುವುದನ್ನು, ಟೆಸ್ಟ್ ಮಾಡುವುದು ಇನ್ನೂ ಸುಲಭ. ಎಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ಅದು ನಿಮ್ಮೂರಿನ ಗಾಳಿಯ ಒತ್ತಡ ತೋರಿಸಬೇಕು. ಮಂಗಳೂರಿನಲ್ಲಿ 100 ಕಿಲೋಪಾಸ್ಕಲ್, ಬೆಂಗಳೂರು ಸಕಲೇಶಪುರದಲ್ಲಿ 90-91, ಮಡಿಕೇರಿಯಲ್ಲಿ 88ರ ಹತ್ತಿರ. ಸಕಲೇಶಪುರದಲ್ಲಿ ನಿಂತು 101 ತೋರಿಸಿದರೆ ಸೆಟ್ಟಿಂಗ್ ತಪ್ಪು. ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಪೈಪ್ ಕಳಚಿದ್ದರೆ ಎಂಜಿನ್ ಎದ್ದ ಮೇಲೂ ನಂಬರ್ ಇಳಿಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ.

ಇನ್ನು ಟಿಪಿಎಸ್, ಅಂದರೆ ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್. ಕಾಲು ತೆಗೆದಾಗ 0, ಪೂರ್ತಿ ಒತ್ತಿದಾಗ 100 ಬರುವಂತೆ ಸೆಟ್ ಮಾಡಬೇಕು. ಇದನ್ನು ಮರೆತರೆ ಒಂದು ತಮಾಷೆ ಆಗುತ್ತದೆ. ಹೆಚ್ಚಿನ ಇಸಿಯುಗಳಲ್ಲಿ ಸೆಲ್ಫ್ ಹೊಡೆಯುವಾಗ ಎಕ್ಸಲರೇಟರ್ ಮುಕ್ಕಾಲಿಗಿಂತ ಜಾಸ್ತಿ ಒತ್ತಿದ್ದರೆ "ಓವರ್‌ಫ್ಲೋ ಆಗಿದೆ, ಒಣಗಿಸುತ್ತಿದ್ದಾರೆ" ಎಂದು ತಿಳಿದು ಪೆಟ್ರೋಲ್ ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ಸೆನ್ಸರ್ ಉಲ್ಟಾ ಸೆಟ್ ಆಗಿದ್ದರೆ ನೀವು ಕಾಲು ಇಡದಿದ್ದರೂ ಪೆಟ್ರೋಲ್ ಇಲ್ಲ. ಕಾರ್ಬೊರೇಟರ್ ಕಾಲದ ಡ್ರೈವರ್‌ಗಳಿಗೂ ಇದೇ ಎಡವಟ್ಟು. ನಮ್ಮ ತೋಟದ ಡ್ರೈವರಣ್ಣನಿಗೆ ಮೂವತ್ತು ವರ್ಷದ ಅಭ್ಯಾಸ, ಸೆಲ್ಫ್ ಹೊಡೆಯುವಾಗ ಕಾಲು ತಾನಾಗಿ ಪಂಪ್ ಮಾಡುತ್ತದೆ. "ಅಣ್ಣ, ಕಾಲು ಇಡಬೇಡಿ, ಕೀ ತಿರುಗಿಸಿ ಅಷ್ಟೇ" ಎಂದರೆ "ಪೆಟ್ರೋಲ್ ಕೊಡದೆ ಹ್ಯಾಗೆ ಏಳ್ತದೆ?" ಅನ್ನುತ್ತಾರೆ. ಕೊನೆಗೆ ಬಲಗಾಲನ್ನು ಗಾಡಿಯ ಹೊರಗೆ ಇಡಿಸಿ ಸ್ಟಾರ್ಟ್ ಮಾಡಿಸಿದೆ.

ಗಾಳಿ

ಚಳಿ ಎಂಜಿನ್ನಿಗೆ ಪೆಟ್ರೋಲ್ ಜೊತೆಗೆ ಗಾಳಿಯೂ ಜಾಸ್ತಿ ಬೇಕು. ಐಡಲ್ ವಾಲ್ವ್ (ಕಾಲು ತೆಗೆದಾಗಲೂ ಗಾಳಿ ಬಿಡುವ ವಾಲ್ವ್) ಇರುವ ಕಿಟ್ ಆದರೆ ಕೀ ಆನ್ ಮಾಡಿದಾಗ ಅದು ತೆರೆದುಕೊಳ್ಳುತ್ತದೆಯೇ ನೋಡಿ. ಇಲ್ಲದಿದ್ದರೆ ಥ್ರಾಟಲ್ ಸ್ಕ್ರೂವನ್ನು ಕಾಲು ಸುತ್ತು ಬಿಗಿದು ನೋಡಿ, ಆಮೇಲೆ ಟಿಪಿಎಸ್‌ನ ಸೊನ್ನೆಯನ್ನು ಮತ್ತೆ ಸೆಟ್ ಮಾಡಲು ಮರೆಯಬೇಡಿ. ಥ್ರಾಟಲ್ ಬಾಡಿಯನ್ನು ಮ್ಯಾನಿಫೋಲ್ಡ್ ಮೇಲೆ ಕೂರಿಸುವ ಅಡಾಪ್ಟರ್ ಪ್ಲೇಟ್ ಕೆಳಗಿನ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿದ್ದರೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ.

ಈಗ ಮ್ಯಾಪ್ ಮುಟ್ಟಿ

ಮೇಲಿನದೆಲ್ಲ ಸರಿ ಇದ್ದೂ ಸತಾಯಿಸಿದರೆ ಆಗ ಸೆಟ್ಟಿಂಗ್. ಇಲ್ಲಿ ಮ್ಯಾಪ್ ಅಂದರೆ ಆ ಸೆನ್ಸರ್ ಅಲ್ಲ, ಯಾವಾಗ ಎಷ್ಟು ಪೆಟ್ರೋಲ್ ಎಂದು ಇಸಿಯುನಲ್ಲಿ ಬರೆದಿಟ್ಟ ಪಟ್ಟಿ. ಇಲ್ಲಿ ಮೂರು ಬೇರೆ ಬೇರೆ ನಲ್ಲಿಗಳಿವೆ ಎಂದುಕೊಳ್ಳಿ. ಕೀ ಆನ್ ಮಾಡಿದಾಗ ಒಂದು ಸಲ ಚಿಮುಕಿಸುವ ಪ್ರೈಮ್. ಸೆಲ್ಫ್ ತಿರುಗುವಾಗ ಕೊಡುವ ಕ್ರ್ಯಾಂಕಿಂಗ್ ಪೆಟ್ರೋಲ್. ಎದ್ದ ಮೇಲೆ ಕೆಲವು ಸೆಕೆಂಡ್ ಹೆಚ್ಚುವರಿಯಾಗಿ ಕೊಟ್ಟು ನಿಧಾನಕ್ಕೆ ಇಳಿಸುವುದು. ಹಿಡಿಯುವುದೇ ತಡವಾದರೆ ಮೊದಲೆರಡು, ಹಿಡಿದು ಸತ್ತರೆ ಮೂರನೆಯದು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ಗೊತ್ತಾಗದು.

ಥ್ರಾಟಲ್ ಬಾಡಿ ಕಿಟ್‌ಗೆ ಕಂಪನಿಯ ಎಂಪಿಎಫ್‌ಐಗಿಂತ ಜಾಸ್ತಿ ಪೆಟ್ರೋಲ್ ಬೇಕಾಗುತ್ತದೆ. ಎಂಪಿಎಫ್‌ಐಯಲ್ಲಿ ಇಂಜೆಕ್ಟರ್ ವಾಲ್ವಿನ ಬಾಗಿಲಲ್ಲೇ ಇರುತ್ತದೆ. ಇಲ್ಲಿ ಪೆಟ್ರೋಲ್ ಉದ್ದದ ತಣ್ಣಗಿನ ಮ್ಯಾನಿಫೋಲ್ಡ್ ದಾಟಿ ಹೋಗಬೇಕು, ಅರ್ಧ ಗೋಡೆಗೇ ಅಂಟಿಕೊಳ್ಳುತ್ತದೆ. ಎಥನಾಲ್ ಚಳಿಯಲ್ಲಿ ಸುಲಭಕ್ಕೆ ಆವಿಯಾಗುವುದಿಲ್ಲ. ಜೊತೆಗೆ ಅದಕ್ಕೆ ಗಾಳಿ ಕಡಿಮೆ ಸಾಕು. ಬರೀ ಪೆಟ್ರೋಲಿಗೆ ಸರಿಯಾದ ಮಿಶ್ರಣ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್ ಆದರೆ, 20 ಪರ್ಸೆಂಟ್ ಎಥನಾಲ್ ಇದ್ದರೆ ಸುಮಾರು 13.5ಕ್ಕೆ 1. ಹಳೆಯ ಮ್ಯಾಪ್ ಯಾರೋ ಕಳಿಸಿದ್ದನ್ನು ಹಾಕಿಕೊಂಡಿದ್ದರೆ ಮೊದಲೇ ಪೆಟ್ರೋಲ್ ಕೊರತೆಯಲ್ಲಿ ಶುರುವಾಗಿರುತ್ತದೆ.

ಹತ್ತು ಪರ್ಸೆಂಟ್ ಹೆಚ್ಚಿಸಿ, ನೋಡಿ. ಸಾಲದಿದ್ದರೆ ಇನ್ನು ಹತ್ತು. ತೊಂದರೆ ಏನೆಂದರೆ ನಿಜವಾದ ಚಳಿ ಸ್ಟಾರ್ಟ್ ದಿನಕ್ಕೆ ಒಂದೇ ಸಲ ಸಿಗುತ್ತದೆ. ಒಂದು ಸಲ ಎದ್ದು ಎರಡು ನಿಮಿಷ ಓಡಿತೋ, ಆ ದಿನದ ಪರೀಕ್ಷೆ ಮುಗಿಯಿತು. ಬೇಗ ಮುಗಿಸುವ ಆಸೆಗೆ ಬಿಸಿ ಎಂಜಿನ್ನಿನಲ್ಲಿ ಸೆಟ್ ಮಾಡಿದರೆ ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ: ತಾರೀಕು, ಡಿಗ್ರಿ, ಏನು ಬದಲಿಸಿದೆ, ಎಷ್ಟು ಸೆಕೆಂಡಿಗೆ ಹಿಡಿಯಿತು. ಸರಿಯಾಗಲು ಒಂಬತ್ತು ಬೆಳಗು ಬೇಕಾಯಿತು.

ಪ್ರತಿ ಸೋಲಿನ ನಂತರ ಒಂದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಸಾಲದು. ಒದ್ದೆಯಾಗಿ ವಾಸನೆ ಹೊಡೆದರೆ ಜಾಸ್ತಿ. ಒದ್ದೆ ಪ್ಲಗ್ಗನ್ನು ಒರೆಸಿ ಒಣಗಿಸದೆ ಮುಂದಿನ ಪ್ರಯೋಗ ಮಾಡಬೇಡಿ, ಸೆಟ್ಟಿಂಗ್ ಸರಿ ಇದ್ದರೂ ಏಳುವುದಿಲ್ಲ. ವೈಡ್‌ಬ್ಯಾಂಡ್ ಮೀಟರನ್ನು ಈ ಹೊತ್ತಿನಲ್ಲಿ ನಂಬಬೇಡಿ. ಅದು ಸೈಲೆನ್ಸರಿನಲ್ಲಿ ಉಳಿದ ಆಮ್ಲಜನಕ ಅಳೆಯುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿ ಉರಿಯದೇ ಹೋದರೂ ಆಮ್ಲಜನಕ ಹಾಗೇ ಹೊರಬರುತ್ತದೆ, ಮೀಟರ್ "ಲೀನ್" (ಪೆಟ್ರೋಲ್ ಸಾಲದು) ಎನ್ನುತ್ತದೆ, ನೀವು ಇನ್ನಷ್ಟು ಸುರಿಯುತ್ತೀರಿ. ನಾನು ಸುರಿದಿದ್ದೇನೆ.

ಬಿಸಿಯಲ್ಲಿ ಮಾತ್ರ ಸತಾಯಿಸಿದರೆ

ಶಿರಾಡಿ ಹತ್ತಿ ಬಂದು, ಟೀ ಕುಡಿದು, ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏಳುವುದಿಲ್ಲ, ಪೂರ್ತಿ ತಣ್ಣಗಾದರೆ ಏಳುತ್ತದೆ. ಎಂಜಿನ್ ನಿಂತ ಮೇಲೆ ಬಾನೆಟ್ ಒಳಗೆ ಬಿಸಿ ಏರುತ್ತದೆ. ಲೈನಿನಲ್ಲಿ ಪ್ರೆಷರ್ ಹಿಡಿಯದಿದ್ದರೆ ಪೆಟ್ರೋಲ್ ಕುದಿದು ಗುಳ್ಳೆಯಾಗುತ್ತದೆ. ಕೀ ಮೂರು ಸಲ ಆನ್ ಆಫ್ ಮಾಡಿದಾಗ ಎದ್ದರೆ ಇದೇ. ಪೈಪ್ ಎಕ್ಸಾಸ್ಟ್ ಹತ್ತಿರ ಹೋಗಿದ್ದರೆ ದೂರ ಸರಿಸಿ, ಬಿಸಿ ತಡೆಯುವ ತೋಳು ಹಾಕಿ.

ಅದರ ಬದಲು ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದಾಗ ಎದ್ದು, ಕಪ್ಪು ಹೊಗೆ ಬಿಟ್ಟರೆ ಎಲ್ಲೋ ಸೋರುತ್ತಿದೆ. ಎಂಜಿನ್ ಆಫ್ ಮಾಡಿದ ತಕ್ಷಣ ಏರ್ ಫಿಲ್ಟರ್ ತೆಗೆದು ಟಾರ್ಚ್ ಬಿಡಿ. ಥ್ರಾಟಲ್ ಪ್ಲೇಟಿನ ಮೇಲೆ ಹನಿ ಬೀಳುತ್ತಿದೆಯಾ? ಇಂಜೆಕ್ಟರ್ ಕ್ಲೀನ್ ಮಾಡಿಸಿ ಅಥವಾ ಬದಲಿಸಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ ಮೂಸಿ ನೋಡಿ, ಒಳಗೆ ಪೆಟ್ರೋಲ್ ಒದ್ದೆ ಕಂಡರೆ ಅದರ ಡಯಾಫ್ರಾಮ್ ಹರಿದಿದೆ.

ಎರಡೂ ಅಲ್ಲದಿದ್ದರೆ ಗಾಳಿಯ ಸೆನ್ಸರ್ ನೋಡಿ. ಅದು ಥ್ರಾಟಲ್ ಬಾಡಿಯ ಲೋಹಕ್ಕೇ ಕೂತಿದ್ದರೆ, ನಿಂತ ಗಾಡಿಯಲ್ಲಿ 70 ಡಿಗ್ರಿ ತೋರಿಸುತ್ತದೆ. ಬಿಸಿ ಗಾಳಿ ತೆಳು ಎಂದು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಸೆನ್ಸರನ್ನು ಏರ್ ಫಿಲ್ಟರ್ ಡಬ್ಬಕ್ಕೆ ಸ್ಥಳಾಂತರಿಸಿದರೆ ಸರಿಹೋಗುತ್ತದೆ. ನಾನು ಡಬ್ಬಕ್ಕೆ ತೂತು ಕೊರೆದು, ರಬ್ಬರ್ ಗ್ರೊಮೆಟ್ ಹಾಕಿ ತೂರಿಸಿದೆ, ಅರ್ಧ ಗಂಟೆಯ ಕೆಲಸ.